ಮೊದಲು ಬಾಜೂದವರು, ಆಮೇಲೆ ಮನೆ

ಮನೆ ಹುಡುಕಿಕೊಡುವ ಕೆಲಸವನ್ನು ನಮ್ಮ ಅತ್ತೆ ಸುಗಲಾಬಾಯಿಗೆ ಯಾರೂ ವಹಿಸಿರಲಿಲ್ಲ. ಬಾಯಿ ಇತ್ತು, ಓಣಿ ಇತ್ತು, ಅಷ್ಟೇ. ಮುಂಜಾನೆ ಅಂಗಳಕ್ಕೆ ನೀರು ಹೊಡೆಯುತ್ತ ಒಬ್ಬಳ ಕಿವಿಗೆ ಹಾಕಿದರೆ ಸಂಜೆಯೊಳಗೆ ಜಹೀರಾಬಾದ್ ಬಸ್ ಸ್ಟ್ಯಾಂಡಿನ ಆಟೋದವರಿಗೂ ಯಾವ ಮನೆ ಖಾಲಿ, ಯಾವುದು ಮಾರಾಟಕ್ಕೆ ಎಂದು ಗೊತ್ತಾಗುತ್ತಿತ್ತು. ವ್ಯವಹಾರ ಕುದುರಿದರೆ ಒಂದು ಕುಪ್ಪಸದ ಖಣ, ಒಂದು ತೆಂಗಿನಕಾಯಿ. ನಾನು ಸೊಸೆಯಾಗಿ ಬಂದ ಮೇಲೆ ಅದಕ್ಕೆ ಸರಿಯಾದ ದಲಾಲಿ ಹುಟ್ಟುವಂತೆ ಮಾಡಿದೆ. ಅದಕ್ಕಾಗಿ ಅತ್ತೆ ಇವತ್ತಿಗೂ ನನ್ನನ್ನು ‘ಸಾವ್ಕಾರ್ತಿ’ ಎಂದು ಚುಚ್ಚುತ್ತಾರೆ.

ಅತ್ತೆಯದು ಒಂದೇ ಪದ್ಧತಿ. ಗಿರಾಕಿಗೆ ಮೊದಲು ಮನೆ ತೋರಿಸುವುದಿಲ್ಲ. ಅದರ ಪಕ್ಕದ ಮನೆಗೆ ಕರೆದೊಯ್ದು ಕೂರಿಸಿ, ಚಹಾ ಕುಡಿಸಿ, ಆ ಮನೆಯವರ ಜೊತೆ ನಾಲ್ಕು ಮಾತಾಡಿಸಿ, ಆಮೇಲೆ ಬೀಗ ತೆಗೆಯುವುದು. ಯಾಕೆಂದು ಕೇಳಿದರೆ, “ಗ್ವಾಡಿ ಕೆಟ್ಟಿದ್ರ ಸುಣ್ಣಾ ಹಚ್ಚಬಹುದು. ಬಾಜೂದವ್ರು ಕೆಟ್ಟಿದ್ರ ಏನ ಹಚ್ತಿ?” ಎನ್ನುತ್ತಾರೆ.

ಆದರೆ ಊರು ಅತ್ತೆಯ ಬಾಯಿಯನ್ನು ನಂಬಿ ಕೂತಿಲ್ಲ. ಹೈವೇ ಪಕ್ಕದ ಕಬ್ಬಿನ ಹೊಲಗಳಲ್ಲಿ ಕಲ್ಲು ನೆಟ್ಟು ‘ವೆಂಚರ್’ ಎಂದು ಹೆಸರಿಟ್ಟು ಪ್ಲಾಟು ಮಾರುತ್ತಿದ್ದಾರೆ. ಮೊದಲು ಕಾಂಪೌಂಡಿನ ಗೋಡೆಗೆ ಬಣ್ಣದಲ್ಲಿ ಬರೆಸುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು, ಪೇಪರಿನ ಮಡಿಕೆಯೊಳಗೆ ಚೀಟಿ ಬಂತು, ಕೇಬಲ್ ಟಿವಿಯಲ್ಲಿ ಸೀರಿಯಲ್ಲಿನ ಸೊಸೆ ಅಳುವಾಗ ಅವಳ ಗಲ್ಲದ ಕೆಳಗೇ ಪ್ಲಾಟಿನ ಅಕ್ಷರಗಳು ಓಡತೊಡಗಿದವು. ಈಗ ಸಂತೆಯೆಲ್ಲ ಫೋನಿನಲ್ಲೇ. ವಾಟ್ಸಾಪ್ ಗ್ರೂಪು, ಸ್ಟೇಟಸ್ಸು, ಯೂಟ್ಯೂಬು, ರೀಲ್ಸು, ಮನೆ ಮಾರುವುದಕ್ಕೆಂದೇ ಬೇರೆ ಆ್ಯಪುಗಳು. ನನ್ನ ತವರು ಬಶೀರಾಬಾದಿನ ಬರಡು ಹೊಲವೊಂದನ್ನು ಡ್ರೋನಿನಲ್ಲಿ ಎಷ್ಟು ಚೆಂದ ತೋರಿಸಿದ್ದರೆಂದರೆ, ಅಲ್ಲೇ ದನ ಮೇಯಿಸಿದ ನನಗೇ ಗುರುತು ಸಿಗಲಿಲ್ಲ. ನಾನೂ ಕಲಿತೆ. ಅತ್ತೆ ಬಾಯಿಂದ ಹೇಳಿದ್ದನ್ನು ನಾನು ಎಲ್ಲ ಕಡೆ ಹಾಕುವುದು, ಗಿರಾಕಿ ಬಂದರೆ ಅತ್ತೆ ಚಹಾ ಕುಡಿಸುವುದು. ಬಂಡಿ ಚೆನ್ನಾಗಿಯೇ ಹೋಗುತ್ತಿತ್ತು.

ಕಳೆದ ವರ್ಷ ಪಕ್ಕದ ಮನೆಯ ಅಂಜಮ್ಮ ತನ್ನ ಮನೆ ಮಾರಲು ಹೊರಟಾಗ ಬಂಡಿ ಹೂತುಕೊಂಡಿತು.

ನಮ್ಮ ಅಡುಗೆಮನೆಗೂ ಅಂಜಮ್ಮನ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಕಿಂಡಿ. ಬೋಗುಣಿ ಹಿಡಿಯುವಷ್ಟು ಅಗಲ, ತಳಕ್ಕೆ ತಾಂಡೂರು ಕಲ್ಲಿನ ತುಂಡು. ಅತ್ತೆ, ಅಂಜಮ್ಮ ಇಬ್ಬರೂ ಹೊಸ ಸೊಸೆಯರಾಗಿದ್ದಾಗ ಗಂಡಸರಿಗೆ ಹೇಳದೆ ಒಡೆಸಿದ್ದಂತೆ. ಅಲ್ಲಿಂದ ರೊಟ್ಟಿ ಹೋಗುತ್ತದೆ, ಪಲ್ಯ ಬರುತ್ತದೆ. ಅತ್ತೆಯ ಪುಂಡಿಪಲ್ಯವನ್ನು ಅಂಜಮ್ಮ ಗೋಂಗೂರ ಎನ್ನುವುದು, ಎರಡೂ ಒಂದೇ ಸೊಪ್ಪಾದರೂ ಯಾರದು ರುಚಿ ಎಂದು ಇಬ್ಬರೂ ಜಗಳಾಡುವುದು ನಮ್ಮ ಮನೆಯ ಸುಪ್ರಭಾತ. ಇಬ್ಬರ ಗಂಡಂದಿರೂ ತೀರಿಕೊಂಡಾಗ ಗಂಜಿ ಬಂದದ್ದೂ ಆ ಕಿಂಡಿಯಿಂದಲೇ.

ಅಂಜಮ್ಮನ ಮಗಳು ಸ್ವರೂಪಾ ತಾಂಡೂರಿನಲ್ಲಿ ಟೀಚರು. ಹೆರಿಗೆಯಾಗಿತ್ತು. ದೀಪಾವಳಿ ಕಳೆದರೆ ರಜೆ ಮುಗಿಯುತ್ತದೆ, ಕೂಸನ್ನು ನೋಡುವವರಿಲ್ಲ. ಈ ಮನೆ ಮಾರಿ ಮಗಳ ಓಣಿಯಲ್ಲೇ ಚಿಕ್ಕದೊಂದು ಕೊಳ್ಳುವುದು ಅಂಜಮ್ಮನ ಯೋಚನೆ. ಅಲ್ಲಿಯ ಮನೆಯವರು ದೀಪಾವಳಿಯವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು.

ನಾನು ಸೆರಗು ಕಟ್ಟಿ ನಿಂತೆ. ಮೊದಲು ಗ್ರೂಪಿಗೆ ಹಾಕಿದೆ. ನೋಡಲು ಬಂದರು. ಪದ್ಧತಿಯಂತೆ ಮೊದಲು ಬಾಜೂದವರ ಮನೆಗೆ, ಅಂದರೆ ನಮ್ಮ ಮನೆಗೇ, ಬಂದು ಅತ್ತೆಯ ಚಹಾ ಕುಡಿದರು. ಆಮೇಲೆ ಅಂಜಮ್ಮನ ಮನೆ ನೋಡಿ, ಹೇಳುತ್ತೇವೆ ಎಂದು ಹೋದವರು ತಿರುಗಿ ನೋಡಲಿಲ್ಲ. ಜಾಹೀರಾತು ಸಾಲದಾಯಿತೇನೋ ಎಂದು ಎರಡು ಆ್ಯಪುಗಳಿಗೆ ಹಾಕಿದೆ. ಹೈದರಾಬಾದಿನಿಂದ ಕಾರು ಬಂತು, ಚಹಾ ಕುಡಿಯಿತು, ಹೋಯಿತು. ರೀಲ್ಸ್ ಮಾಡಿದೆ, ಸಿನಿಮಾ ಹಾಡು ಜೋಡಿಸಿದೆ. ಯೂಟ್ಯೂಬಿನಲ್ಲಿ ಮನೆ ತೋರಿಸುವವನನ್ನು ಕರೆಸಿದೆ. ಅದನ್ನು ನೋಡಿ ನಾರಾಯಣಖೇಡದಿಂದಲೂ ಬಂದರು. ನಾನು ಹೊಸ ಹೊಸ ದಾರಿ ತೆರೆದಷ್ಟೂ ಜನ ಬರುತ್ತಿದ್ದರು, ಬಂದಷ್ಟೂ ಚಹಾ ಕುಡಿದು ಹೋಗುತ್ತಿದ್ದರು.

ನಾರಾಯಣಖೇಡದವರು ಒಂದು ಕಪ್ಪನ್ನು ಮುಟ್ಟದೆ ಹೋಗಿದ್ದರು. ಚೆಲ್ಲುವುದೇಕೆಂದು ನಾನೇ ಬಾಯಿಗಿಟ್ಟೆ. ಉಪ್ಪು!

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಇದಕ್ಕೇ. ಮೈಯೆಲ್ಲ ಉರಿಯಿತು.

“ಅತ್ತಿ, ಏನ್ರಿ ಇದು? ಚಾದಾಗ ಉಪ್ಪ ಯಾಕ ಹಾಕೀರಿ?”

ಅತ್ತೆ ಒಲೆಯ ಕಡೆ ಮುಖ ಮಾಡಿ ನಿಂತರು. “ಡಬ್ಬಿ ಅದಲ್ ಬದಲ್ ಆಗಿರಬೇಕು.”

“ದಿನಾ ಆಗ್ತದೇನ್ರಿ? ಅಲ್ಲಿ ಕೂಸಿಗಿ ನೋಡವ್ರಿಲ್ಲ, ಇಲ್ಲಿ ನೀವು ಬಂದವ್ರಿಗೆಲ್ಲಾ ಓಡಸ್ಲತೀರಿ!”

ಅತ್ತೆಯ ಸೆರಗಿನ ತುದಿ ಕಣ್ಣಿಗೆ ಹೋಯಿತು. ನಾನು ಈ ಮನೆಗೆ ಬಂದ ಮೇಲೆ ಅವರ ಕಣ್ಣಲ್ಲಿ ನೀರು ನೋಡಿದ್ದು ಮಾವ ಹೋದಾಗ ಮಾತ್ರ.

“ಆಕಿ ಹೋದ್ರ ಮುಂಜಾನಿ ಎದ್ದು ನಾ ಯಾರಿಗಿ ಒದರಬೇಕು, ಸರಿತಾ?” ಎಂದರು.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವರ ಹೆಗಲ ಮೇಲೆ ಕೈಯಿಡುವಷ್ಟರಲ್ಲಿ ಕಿಂಡಿಯಿಂದ ಅಂಜಮ್ಮನ ದನಿ ಬಂತು.

“ಸುಗಲಕ್ಕಾ, ನಿನ್ನ ಚಾ ಕುಡದು ಬಂದವ್ರೆಲ್ಲಾ ನನ್ನ ಮನ್ಯಾಗ ಮೊದಲ ನೀರ ಕೇಳ್ತಿದ್ರು. ನನಗ ಅವತ್ತೇ ತಿಳದದ.”

“ತಿಳದು ಯಾಕ ಸುಮ್ನಿದ್ದಿ?”

“ನನಗ ಭೀ ಹೋಗಾಕ ಮನಸ್ಸಿಲ್ಲಕ್ಕಾ,” ಎಂದಳು ಅಂಜಮ್ಮ. “ಖರೆ ಕೂಸು ಅಳ್ತದ.”

ಮರುದಿನ ಅತ್ತೆ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಕಿಂಡಿಯ ಮುಂದೆ ನಿಂತು ನನಗೆ ಫೋನು ಹಿಡಿಯಲು ಹೇಳಿದರು. ಹಾಡು ಬೇಡ, ಏನೂ ಬೇಡ.

“ನೋಡ್ರಿ, ಮನಿ ಹಳೀದ ಅದ. ಮಳಿ ಬಂದ್ರ ಹಿತ್ತಲ ಮೂಲ್ಯಾಗ ಸೋರ್ತದ. ನಳದ ನೀರ ದಿನಾ ಬಿಟ್ಟು ದಿನಾ ಬರ್ತದ. ಬಾಜೂ ಮನ್ಯಾಗ ನಾ ಅದೀನಿ. ನಿಮಗ ಜ್ವರ ಬಂದ್ರ ಈ ಕಿಂಡಿಯಿಂದ ಗಂಜಿ ಬರ್ತದ. ನಿಮ್ಮ ಮನ್ಯಾಗ ಜಗಳಾ ಆದ್ರ ನನಗ ಕೇಳಸ್ತದ, ಖರೆ ನಾ ಯಾರಿಗೂ ಹೇಳಂಗಿಲ್ಲ.”

ಕೊನೆಯದು ಶುದ್ಧ ಸುಳ್ಳು. ಆದರೂ ತೆಗೆಯಲಿಲ್ಲ. ನನಗೆ ಗೊತ್ತಿದ್ದ ಕಡೆಯಲ್ಲೆಲ್ಲ ಹಾಕಿದೆ.

ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ನೌಕರಿಯಿದ್ದ ಕಾಶಿರಾಮ ಅದನ್ನು ನೋಡಿ ಹೆಂಡತಿಯೊಂದಿಗೆ ಬಂದ. ಅವತ್ತು ಅತ್ತೆ ಏಲಕ್ಕಿ ಹಾಕಿ ಚಹಾ ಮಾಡಿದರು. ನಾನು ಮೊದಲೇ ಕದ್ದು ರುಚಿ ನೋಡಿದ್ದೆ, ನನಗೇನು ನಂಬಿಕೆ. ಸಕ್ಕರೆಯೇ ಇತ್ತು. ಕಾಶಿರಾಮನ ಹೆಂಡತಿ ಕಪ್ಪು ಕೆಳಗಿಟ್ಟು, “ಆ ಕಿಂಡಿ ಮುಚ್ಚಬ್ಯಾಡ್ರಿ ಆಂಟಿ,” ಎಂದಳು. ಮನೆ ಮಾರಿಹೋಯಿತು.

ಅಂಜಮ್ಮ ಹೊರಡುವ ದಿನ ಓಣಿಯೆಲ್ಲ ಟೆಂಪೋ ಹತ್ತಿರ ನಿಂತಿತ್ತು. ಅತ್ತೆ ಮಾತ್ರ ಹೊರಗೆ ಬರಲಿಲ್ಲ. ಟೆಂಪೋ ಹತ್ತಿ ಕೂತಿದ್ದ ಅಂಜಮ್ಮ ಇಳಿದು ತನ್ನ ಖಾಲಿ ಅಡುಗೆಮನೆಗೆ ಮತ್ತೆ ಹೋದಳು. ನಾನು ಒಳಗೆ ಬಂದಾಗ ಕಿಂಡಿಯಲ್ಲಿ ಅವಳ ಕೈ ಇತ್ತು, ಅದನ್ನು ಅತ್ತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನನಗೆ ದುಃಖ ತಡೆಯಲಾಗದೆ ಹೊರಗೆ ಬಂದುಬಿಟ್ಟೆ.

ಕಾಶಿರಾಮನ ಹೆಂಡತಿ ಒಳ್ಳೆಯ ಹುಡುಗಿ. ಅತ್ತೆ ರೂಢಿಯಂತೆ ಮುಂಜಾನೆ “ಅಂಜಮ್ಮಾ!” ಎಂದು ಕೂಗುತ್ತಾರೆ, ಅವಳು “ಏನ್ರಿ ಆಂಟಿ?” ಎಂದು ಓಗೊಡುತ್ತಾಳೆ. ಕಿಂಡಿಯಿಂದ ಈಗ ಉಪ್ಪಿಟ್ಟು ಬರುತ್ತದೆ. ಪುಂಡಿಪಲ್ಯದ ಜಗಳವಿಲ್ಲ. ಅತ್ತೆ ಪುಂಡಿಪಲ್ಯ ಮಾಡುವುದೇ ಕಡಿಮೆಯಾಯಿತು.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಪ್ಲಾಟಿನ ಗ್ರೂಪಿಗೆ ತಾಂಡೂರಿನಿಂದ ಒಂದು ವಿಡಿಯೋ ಬಂತು. ತೆರೆದರೆ ಅಂಜಮ್ಮ! ಫೋನು ಸ್ವರೂಪಾಳ ಕೈಯಲ್ಲಿ, ಹಿಂದೆ ಕೂಸಿನ ಸದ್ದು.

“ತಾಂಡೂರಾಗ ಸಣ್ಣ ಮನಿ ಖಾಲಿ ಆಗ್ಯದ, ಬಾಡಿಗಿಗಿ ಅದ,” ಎನ್ನುತ್ತಾಳೆ. ಆದರೆ ಆ ಮನೆಯನ್ನು ತೋರಿಸುವುದೇ ಇಲ್ಲ. ತನ್ನ ಒಲೆ ತೋರಿಸುತ್ತಾಳೆ, ಕುದಿಯುವ ಚಹಾ ತೋರಿಸುತ್ತಾಳೆ. “ಮೊದಲ ಬಾಜೂದವ್ರಿಗಿ ನೋಡ್ರಿ. ಬಾಜೂಕ ನಾ ಅದೀನಿ. ನಡು ಗ್ವಾಡಿ ಗಟ್ಟಿ ಅದ, ಕಿಂಡಿ ಒಡಿಯಾಮು ಅಂದ್ರ ಒಡಿಯಾಮು.”

ಕೆಳಗೆ ಗ್ರೂಪಿನವರು ಕೇಳಿದ್ದೇ ಕೇಳಿದ್ದು: ಬಾಡಿಗೆ ಎಷ್ಟು, ಕೋಣೆ ಎಷ್ಟು, ಮನೆಯ ಫೋಟೋ ಎಲ್ಲಿ. ಪಾಪ, ಅವರಿಗೇನು ಗೊತ್ತು.

ಅತ್ತೆ ನನ್ನ ಫೋನು ಕಸಿದುಕೊಂಡು ಮತ್ತೆ ಮತ್ತೆ ನೋಡಿದರು. ಆಮೇಲೆ ಎದ್ದು ಚೀಲಕ್ಕೆ ಪುಂಡಿಸೊಪ್ಪಿನ ಕಟ್ಟು ತುಂಬತೊಡಗಿದರು.

“ಮನಿ ನೋಡಾಕ ಹೊಂಟ್ರೇನ್ರಿ ಅತ್ತಿ?” ಎಂದೆ.

“ಮನಿ ಆಮ್ಯಾಲ ನೋಡಾಮು. ಮೊದಲ ಚಾ ಕುಡದು ಬರ್ತೀನಿ.”

ಹೊಸ್ತಿಲ ತನಕ ಹೋದವರು ತಿರುಗಿ ಬಂದು ಉಪ್ಪಿನ ಪಾಕೀಟನ್ನೂ ಚೀಲಕ್ಕೆ ಹಾಕಿಕೊಂಡರು.

“ಅಂಜಮ್ಮಗಿ ಕೊಡಾಕ,” ಎಂದರು. “ನಾ ವಿಚಾರ ಮಾಡೂತನಾ ಬ್ಯಾರೆ ಗಿರಾಕಿ ಬಂದ್ರ, ಚಾದಾಗ ಹಾಕಲಿ.”