ಕಿಂಬಲ್ ರಸ್ತೆಯ ಬಿಳಿ ಪಟ್ಟೆ

ಅರ್ಲೆಟ್ಟಾ ಕ್ರಂಪ್ ಇಪ್ಪತ್ತೇಳು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಒಹಾಯೋದ ಆ ಸಣ್ಣ ಊರಿನ ಕಿಂಬಲ್ ರಸ್ತೆಯಲ್ಲಿ ಅವಳ ಕೈಯ ಜೋಳದ ಬ್ರೆಡ್ಡು ತಿನ್ನದೆ ಬೆಳೆದವರು ಕಡಿಮೆ. ನಿವೃತ್ತಿಯಾದ ಮೇಲೆ ಹಾಯಾಗಿರಬೇಕು ಅಂದುಕೊಂಡಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ವರ್ನಾ ಟೀಗ್ ಔಷಧಿ ತರಲು ರಸ್ತೆ ದಾಟುತ್ತಿದ್ದಾಗ ಕಾರೊಂದು ಗುದ್ದಿ ಹೋಯಿತು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಬಂದ ವರ್ನಾ ವಾಕರ್ ಹಿಡಿದು ಬಾಗಿಲತನಕ ಬರುತ್ತಿದ್ದಳು, ಆಚೆಗೆ ಕಾಲಿಡುತ್ತಿರಲಿಲ್ಲ.

ಅರ್ಲೆಟ್ಟಾಳ ಓಡಾಟ ಶುರುವಾದದ್ದು ಆಗ. ಜೊತೆಗೆ ನಿಂತವನು ಕ್ಷೌರದಂಗಡಿಯ ಒಡೆಲ್ ಮೇಬ್ರಿ. ಒಂದನೇ ಕ್ಲಾಸಿನಿಂದ ಗೆಳೆಯ. ಅವಳ ಗಂಡ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ವರ್ನಾಗೆ ಕಾರು ಗುದ್ದಿದ ಮೂಲೆಯಲ್ಲಿ ಜನ ದಾಟಲು ಬಿಳಿ ಪಟ್ಟೆ ಬಳಿಯಿರೆಂದು ಇಬ್ಬರೂ ಮನೆಮನೆ ಸುತ್ತಿ ಸಹಿ ಮಾಡಿಸಿದರು, ಮೂರು ವರ್ಷ ನಗರಸಭೆಗೆ ಅಲೆದರು. ಸಿಕ್ಕ ಉತ್ತರ ಒಂದೇ: ಆ ಮೂಲೆಯಲ್ಲಿ ದಾಟುವವರೇ ಕಡಿಮೆ, ಜೀಬ್ರಾ ಪಟ್ಟೆ ಬೇಕಿಲ್ಲ.

"ದಾಟಿದೋರು ಆಸ್ಪತ್ರೆ ಸೇರಿದ್ರೆ ಲೆಕ್ಕಕ್ಕೆ ಯಾರು ಸಿಗ್ತಾರೆ?" ಅಂದ ಒಡೆಲ್, ಕತ್ತರಿ ಆಡಿಸುತ್ತಾ. "ನಾವೇ ಬಳಿದುಬಿಡೋಣ ಕಣೆ."

"ಹಿಡ್ಕೊಂಡು ಹೋದ್ರೆ?"

"ಇಬ್ರೂ ಹೋಗೋಣ. ನಿನ್ನನ್ನ ಅಲ್ಲಿ ಅಡುಗೆಗೆ ಹಾಕ್ಕೋತಾರೆ, ನಾನು ಎಲ್ಲರ ತಲೆ ಬೋಳಿಸ್ಕೊಂಡಿರ್ತೀನಿ."

ಒಂದು ಭಾನುವಾರ ಬೆಳಿಗ್ಗೆ, ಚರ್ಚಿನ ಗಂಟೆಗೆ ಮುಂಚೆ, ಒಡೆಲ್ ಹಗ್ಗ ಹಿಡಿದು ಗೆರೆ ನೇರ ಮಾಡಿದ, ಅರ್ಲೆಟ್ಟಾ ರೋಲರ್‌ನಿಂದ ಬಿಳಿ ಬಣ್ಣ ಎಳೆದಳು. ಕಾರುಗಳು ಆ ದಿನದಿಂದಲೇ ನಿಧಾನಿಸತೊಡಗಿದವು. ಗುರುವಾರ ವರ್ನಾ ಅರ್ಲೆಟ್ಟಾಳ ತೋಳು ಹಿಡಿದು ಆಚೆ ಬದಿಗೆ ಹೋಗಿ ಬಂದಳು. ಶನಿವಾರ ನಗರಸಭೆಯವರು ಬಂದು ಪಟ್ಟೆಗಳನ್ನು ಉಜ್ಜಿ ತೆಗೆದರು.

ಸೋಮವಾರ ನೋಟಿಸು ಬಂತು, ಅರ್ಲೆಟ್ಟಾ ಒಬ್ಬಳ ಹೆಸರಿಗೆ. ವಿಚಾರಣೆಯ ದಿನ ಒಡೆಲ್ ಹಲ್ಲುನೋವು ಅಂತ ಬರಲಿಲ್ಲ. ಗುಮಾಸ್ತೆ ಒಂದು ಹೇಳಿಕೆ ಓದಿದಳು: "ಇದು ಅರ್ಲೆಟ್ಟಾ ಕ್ರಂಪ್ ಒಬ್ಬರೇ ಮಾಡಿದ ಕೆಲಸ. ಬೇಡವೆಂದು ನಾನು ಎಷ್ಟೋ ಹೇಳಿದೆ." ಕೆಳಗೆ ಸಹಿ, ಒಡೆಲ್ ಮೇಬ್ರಿ, ಸಹಿಯ ಕೆಳಗೆ, ನಗರಸಭೆಯ ಪಾದಚಾರಿ ಸುರಕ್ಷತಾ ಸಮಿತಿಯ ಸದಸ್ಯ.

ಅಂಥದ್ದೊಂದು ಸಮಿತಿ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಹಗ್ಗ ಹಿಡಿದವನು ಯಾರೆಂದು ಹೇಳಬಹುದಿತ್ತು. "ನಾನೇ ಬಳಿದದ್ದು," ಅಂದಳು. ನಲವತ್ತು ಗಂಟೆ ಪಾರ್ಕಿನ ಕಸ ಹೆಕ್ಕುವ ಶಿಕ್ಷೆಯಾಯಿತು.

ಅಲ್ಲಿಂದ ನೇರ ಅಂಗಡಿಗೆ ಹೋದಳು. ಒಡೆಲ್ ಕುರ್ಚಿ ಒರೆಸುತ್ತಿದ್ದ, ತಲೆಯೆತ್ತಲಿಲ್ಲ.

"ಒಳಗೆ ಕೂತ್ರೆ ತಾನೇ ಏನಾದ್ರೂ ಮಾಡೋಕಾಗೋದು, ಅರ್ಲೆಟ್ಟಾ. ಪಟ್ಟೆ ಬಳಿದೋನನ್ನ ಅವ್ರು ಸೇರಿಸ್ಕೋತಿರ್ಲಿಲ್ಲ."

"ಹಾಗಂತ ನಂಗೆ ಹೇಳಿದ್ರೆ, ನಾನೇ ಎಲ್ಲಾ ಒಪ್ಕೋತಿದ್ದೆ ಕಣೋ. ಹಲ್ಲುನೋವು ಅಂದ್ಯಲ್ಲ. ನಾನು ನಿಂಗೆ ಲವಂಗ ಕಳಿಸಿದ್ದೆ."

ಅವಳು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಹಳದಿ ಜಾಕೆಟ್ ತೊಟ್ಟು ಪಾರ್ಕಿನಲ್ಲಿ ಬಾಗಿ ಕಸ ಹೆಕ್ಕುವಾಗ, ತಾನು ಉಣಿಸಿ ಬೆಳೆಸಿದವರು ಕಾರಿನಿಂದ ಇಣುಕಿ ನೋಡಿ ಮುಂದೆ ಹೋಗುತ್ತಿದ್ದರು. ಅದಕ್ಕಿಂತ ಹೆಚ್ಚು ಸುಟ್ಟದ್ದು, ಅವನು ಆ ಹೇಳಿಕೆ ಯಾವತ್ತು ಬರೆದುಕೊಟ್ಟಿರಬಹುದು ಅನ್ನುವ ಯೋಚನೆ. ಪಟ್ಟೆ ಬಳಿದ ವಾರ, ಬುಧವಾರ ಅವಳ ಮನೆಯಲ್ಲೇ ಊಟ ಮಾಡಿದ್ದನಲ್ಲ, ಆವತ್ತೇ ಇರಬಹುದೇ?

ಮುಂದಿನ ವಸಂತದಲ್ಲಿ ಅದೇ ಮೂಲೆಗೆ ಪಟ್ಟೆಯೂ ಬಂತು, ಕೆಂಪು ದೀಪವೂ ಬಂತು. ರಿಬ್ಬನ್ ಕತ್ತರಿಸಿದವನು ಒಡೆಲ್. ಅರ್ಲೆಟ್ಟಾ ಅತ್ತ ಹೋಗಲಿಲ್ಲ. ಆದರೆ ವಾರದ ಬಳಿಕ ವರ್ನಾ ಕೇಳಿದಳು: "ಯಾರು ತಂದ್ರೇನಮ್ಮ, ಬಂತಲ್ಲ. ಕರ್ಕೊಂಡು ಹೋಗ್ತೀಯಾ?"

ಇಬ್ಬರೂ ದಾಟುತ್ತಿದ್ದಾಗ ಎದುರಿನಿಂದ ಒಡೆಲ್ ಬಂದ. ನಡುರಸ್ತೆಯಲ್ಲಿ ನಿಂತು, ಟೋಪಿ ತೆಗೆದು, "ಅರ್ಲೆಟ್ಟಾ, ನೋಡಿದ್ಯಾ?" ಅಂದ.

ಐವತ್ತೈದು ವರ್ಷ ಅವಳು ಅವನನ್ನು ಹೋಗೋ ಬಾರೋ ಅಂದವಳು.

"ದಾರಿ ಬಿಡಿ, ಮೇಬ್ರಿಯವರೇ," ಅಂದಳು. "ಇವರಿಗೆ ಬೇಗ ನಡೆಯೋಕಾಗಲ್ಲ."