ಯಲ್ಲಾಪುರದ ನಾಟಾ, ಸಿರ್ಸಿಯ ಬಾಗಿಲು

ನಾನು ಹುಟ್ಟಿದ್ದು ಸಿರ್ಸಿಯಲ್ಲಿ, ಬಡಗಿಯ ಮನೆಯಲ್ಲಿ. ಮದುವೆಯಾಗಿ ಬಂದಿದ್ದು ಯಲ್ಲಾಪುರಕ್ಕೆ. ಗಂಡ ಇಲ್ಲಿನ ಕಟ್ಟಿಗೆ ಮಿಲ್ಲಿನಲ್ಲಿ ಬಾಗಿಲು, ತೊಲೆಗಳಿಗೆ ಬೇಕಾದ ನಾಟಾ ಕೊಯ್ಯುತ್ತಾರೆ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ನಾನೂ ಅಲ್ಲೇ ಕೆಲಸಕ್ಕೆ ಸೇರಿದೆ. ಬಂದ ದಿಮ್ಮಿಗಳನ್ನು ಅಳೆದು, ಜಾತಿ ನೋಡಿ ಬೇರೆ ಮಾಡಿಸುವುದು ನನ್ನ ಪಾಲಿಗೆ ಬಂತು.

ತವರಿನಲ್ಲಿ ಅಣ್ಣನಿಗೆ ನಮ್ಮೂರೆಂದರೆ ತಮಾಷೆ. "ಯಲ್ಲಾಪುರ ಅಂದ್ರೆ ಎಂತ? ಲಾರಿಯವ್ರು ಚಾ ಕುಡಿಯೋಕೆ ನಿಲ್ಲೋ ಊರು. ಒಂದು ಒಳ್ಳೆ ಸೀರೆ ಬೇಕಂದ್ರೂ ಸಿರ್ಸಿಗೇ ಬರ್ಬೇಕು" ಎನ್ನುತ್ತಿದ್ದ. ಸೀರೆಯ ಮಾತಂತೂ ನಿಜವೇ ಆಗಿತ್ತು.

ಹೋದ ವರ್ಷ ಅವನಿಗೆ ಸಿರ್ಸಿಯಲ್ಲಿ ಒಂದು ದೊಡ್ಡ ಮನೆಯ ಬಾಗಿಲಿನ ಕೆಲಸ ಸಿಕ್ಕಿತು. ಸಾಗವಾನಿ ಹುಡುಕಿಕೊಂಡು ನಮ್ಮ ಮಿಲ್ಲಿಗೇ ಬಂದ. ನೆಟ್ಟಗೆ, ದಪ್ಪಗಿದ್ದ ಒಂದು ದಿಮ್ಮಿಯ ಮೇಲೆ ಕೈಯಿಟ್ಟು, "ಇದೇ ಆಗ್ಲಿ" ಎಂದ.

ನಾನು ಸುತ್ತಿಗೆಯಿಂದ ಅದರ ಉದ್ದಕ್ಕೂ ಬಡಿಯುತ್ತ ಹೋದೆ. ನಡುವಿಗೆ ಬಂದಾಗ ಸದ್ದು ಮಂಕಾಯಿತು.

"ಬ್ಯಾಡ ಅಣ್ಣ, ಇದು ಒಳಗೆ ಪೊಳ್ಳು."

"ನಂಗೇ ಕಲಿಸ್ತ್ಯಾ? ಅಪ್ಪನ ಹತ್ರ ಉಳಿ ಹಿಡಿದವ ನಾನು."

"ನೀ ಉಳಿ ಹಿಡಿದದ್ದು ಕೊಯ್ದ ಮರಕ್ಕೆ. ನಾ ದಿನಾ ನೋಡೋದು ಕೊಯ್ಯದ ಮರಾನ."

ಮಿಲ್ಲಿನವರೆಲ್ಲ ಕೆಲಸ ನಿಲ್ಲಿಸಿ ನೋಡತೊಡಗಿದರು. ನನ್ನ ಮಾತು ತಪ್ಪಿದರೆ ಎರಡೂ ಊರುಗಳಲ್ಲಿ ನಗೆಪಾಟಲು. ಗಂಡ ನನ್ನ ಮುಖ ನೋಡಿದರು. "ಹೆಂಗೂ ಕೊಯ್ಯೋ ದಿಮ್ಮಿನೇ ಭಾವ, ನೋಡೇ ಬಿಡುವ" ಎಂದು ಅದನ್ನು ಗರಗಸಕ್ಕೆ ಕೊಟ್ಟರು.

ಅರ್ಧ ದಾಟುವಷ್ಟರಲ್ಲಿ ಗೆದ್ದಲಿನ ಮಣ್ಣು ಬುಳಬುಳನೆ ಸುರಿಯಿತು. ಎರಡು ಹೋಳಾದಾಗ ನಡುವೆ ಮುಷ್ಟಿ ತೂರುವಷ್ಟು ತೂತು. ಅಣ್ಣ ಅದರೊಳಗೆ ಕೈ ಹಾಕಿ ನೋಡಿದ. ಆಮೇಲೆ ಜೋರಾಗಿ ನಕ್ಕ.

"ಆಯ್ತು ಮಾರಾಯ್ತಿ, ನೀನೇ ಆರಿಸು."

ಮೂಲೆಯಲ್ಲಿ ತುಸು ಡೊಂಕಾಗಿ ಬಿದ್ದಿದ್ದ ದಿಮ್ಮಿಯನ್ನು ತೋರಿಸಿದೆ. ಈ ಸಲ ಅವನೇ ಅದನ್ನು ಗರಗಸದ ಕಡೆಗೆ ಉರುಳಿಸಲು ಕೈಹಾಕಿದ. ಕೊಯ್ದಾಗ ಅದರ ಹಲಗೆಗಳು ಜೇನಿನ ಬಣ್ಣಕ್ಕೆ ಹೊಳೆದವು.

ಬಾಗಿಲು ಕೂರಿಸಿದ ದಿನ ನನ್ನನ್ನು ಕರೆಸಿಕೊಂಡ. ಮನೆಯ ಯಜಮಾನರು ಅದರ ಮೇಲೆ ಕೈಯಾಡಿಸುತ್ತ, "ಎಲ್ಲಿ ಸಿಕ್ತು ಇಂಥ ಮರ?" ಎಂದು ಕೇಳಿದರು.

"ಯಲ್ಲಾಪುರದ್ದು," ಎಂದ ಅಣ್ಣ. "ನನ್ನ ತಂಗಿ ಆರಿಸಿದ್ದು. ಸಿರ್ಸೀಲಿ ಮರ ಬಡಿದು ಒಳಗಿನ್ದು ಹೇಳೋರು ಯಾರೂ ಇಲ್ಲೆ."

ಹುಟ್ಟಿದ ಊರಿನಲ್ಲಿ, ಅಪ್ಪನ ಕಸುಬು ಮಾಡುವವನ ಬಾಯಿಂದ ಬಂದ ಮಾತು. ನಾನು ತಲೆ ಎತ್ತಿ ನಿಂತೆ. ಅದಾದ ಮೇಲೆ ಸಿರ್ಸಿಯಿಂದ ಬರುವ ಬಡಗಿಗಳು ಮಿಲ್ಲಿನ ಬಾಗಿಲಲ್ಲೇ ಕೇಳುತ್ತಾರೆ: "ಅಕ್ಕ ಅದಾರಾ?"