ಕಾಕು ಆರಿಸಿದ ನಾಲ್ಕು ಟಾಯರು

ನನ್ನ ಕಾಕಾ ಉಮರ್ಗಾದಲ್ಲಿ ತೊಗರಿ, ಜೋಳದ ಅಡತಿ ವ್ಯಾಪಾರಿ. ಐವತ್ತೆಂಟರ ವಯಸ್ಸಿನವರೆಗೆ ಮೋಟರ್‌ಸೈಕಲ್ಲಿನಲ್ಲೇ ಓಡಾಡಿದವರು ಒಂದು ದಿನ ಹೈದರಾಬಾದಿನಿಂದ ಯಾರೋ ಬಳಸಿದ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಓಡಿಸಿಕೊಂಡು ಬಂದರು. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಚಾಲೂ ಮಾಡಿದರೆ ಓಣಿಯ ಆಡುಗಳೆಲ್ಲ ಕಿವಿ ನಿಮಿರಿಸುತ್ತಿದ್ದವು. ನನಗೆ ಆಗ ಇಪ್ಪತ್ತನಾಲ್ಕು. ನಮ್ಮ ಸೀಮೆಯಲ್ಲಿ ದೊಡ್ಡ ಭೂಕಂಪವಾದ ಮೇಲೆ ಹುಟ್ಟಿದ ನಮ್ಮ ಮನೆಯ ಮೊದಲ ಕೂಸು ನಾನಾದ್ದರಿಂದ ಕಾಕಾ ನನಗೆ ಯಾವುದಕ್ಕೂ ಇಲ್ಲವೆನ್ನುತ್ತಿರಲಿಲ್ಲ. ಡ್ರೈವಿಂಗ್ ಕಲಿಸಿದ್ದೂ ಅದೇ ಕಾರಿನಲ್ಲಿ.

ಕಾಕಾನ ಹೆಂಡತಿ, ನಮ್ಮ ಕಾಕು, ಮಾತ್ರ ಅದರಲ್ಲಿ ಕೂರಲು ಒಪ್ಪಲಿಲ್ಲ. "ನೆಲದ ಮ್ಯಾಲ ಕುಂತು ಜಾರಿದಂಗ ಆಗ್ತದ. ನಾ ಒಲ್ಲೆ" ಎಂದುಬಿಟ್ಟರು.

ಆ ವರ್ಷದ ಮಳೆಗಾಲದಲ್ಲೇ ಅದು ಜಾರಿತು. ದಾಳಿಂಬ ಎಂಬ ಹಳ್ಳಿಯಲ್ಲಿರುವ ನಮ್ಮ ಹೊಲಕ್ಕೆ ಹೊರಟಿದ್ದೆವು. ಕಾಕಾ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿದ್ದೆ. ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಬಿಟ್ಟುಹೋದ ಎರೆಮಣ್ಣು ನೆನೆದು ಎಣ್ಣೆಯಂತಾಗಿತ್ತು. ತಿರುವಿನಲ್ಲಿ ಕಾರು ಗಿರ್ರನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ, ಹಿಮ್ಮುಖವಾಗಿ ಸೋಯಾಬೀನ್ ಹೊಲಕ್ಕೆ ಇಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅದು ನಮ್ಮದೇ ಹೊಲ, ಅಲ್ಲಿ ಹೆಂಗಸರ ಜೊತೆ ಕಳೆ ತೆಗೆಸುತ್ತಿದ್ದವರು ಕಾಕುವೇ.

ಅವರು ಕುರ್ಪಿ ಹಿಡಿದುಕೊಂಡೇ ಬಂದು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಬಗ್ಗಿ ಟಾಯರು ನೋಡಿದರು.

"ಇದಕ್ಕ ಹಲ್ಲೇ ಇಲ್ಲಲ್ರೀ! ಮಣ್ಣಾಗ ಏನ್ ಕಚ್ಚಿ ಹಿಡೀತದ ಇದು?"

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಕಾಕಾನೂ ನಕ್ಕರು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಎಳೆಸುವಾಗ ಕಾಕು ನನಗಷ್ಟೇ ಕೇಳುವಂತೆ, "ಟಾಯರ ತಗೊಳ್ಳಾಕ ಹೋಗಾಗ ನಾನೂ ಬರ್ತೀನಿ" ಎಂದರು.

ಮರುದಿನ ಮೂವರೂ ಹೈವೇ ಬದಿಯ ಟಾಯರ್ ಅಂಗಡಿಗೆ ಹೋದೆವು. ಕಾಕು ಆಟೋದಲ್ಲಿ ಬಂದರು. ಅಂಗಡಿಯಾತ ಎರಡು ಬಗೆಯ ಟಾಯರು ಉರುಳಿಸಿಕೊಂಡು ಬಂದು ಗೋಡೆಗೆ ಆನಿಸಿದ. ಒಂದು ಕಾರಿನಲ್ಲಿದ್ದಂಥದೇ: ಅಗಲ, ನಯ, ಗೀರು ಕಡಿಮೆ. ಇನ್ನೊಂದರ ಮೈತುಂಬ ಆಳವಾದ ಕಾಲುವೆಗಳು, ಅವುಗಳ ನಡುವೆ ಕೂದಲೆಳೆಯಂಥ ಸೀಳುಗಳು. ಎಲ್ಲ ಹಂಗಾಮಿಗೂ ನಡೆಯುವಂಥದ್ದು ಎಂದ.

"ಇದು ಟೆಂಪೋದ ಟಾಯರ ಕಂಡಂಗ ಕಾಣ್ತದ" ಎಂದು ಕಾಕಾ ಮುಖ ಹುಳ್ಳಗೆ ಮಾಡಿದರು.

ಅಂಗಡಿಯಾತ ಪ್ರಾಮಾಣಿಕ ಮನುಷ್ಯ. "ಸೈಜ್ ಅದೇ ರೀ, ಸ್ಪೀಡ್ ತಡಕೊಳ್ಳೋ ತಾಕತ್ತೂ ಅಷ್ಟೇ ಅದ. ಖರೇ ಹೇಳ್ಬೇಕಂದ್ರ, ಒಣಾ ರಸ್ತಾದಾಗ ಜೋರಾಗಿ ತಿರುಗಿಸಿದ್ರ ಅದರಷ್ಟು ಚುರುಕಿಲ್ಲ. ಮಳಿಯಾಗ ಇದೇ ಛಲೋ" ಎಂದ.

"ಹಂಗ ಜೋರಾಗಿ ತಿರುಗ್ಸೋದು ವರ್ಷಕ್ಕ ಎಷ್ಟ್ ದಿನ ರೀ?" ಕಾಕು ಗಂಡನನ್ನು ಕೇಳಿದರು. ಕಾಕಾ ರಸ್ತೆಯ ಮೇಲಿನ ಲಾರಿಗಳನ್ನು ನೋಡತೊಡಗಿದರು.

ಕಾಕು ಕಿರುಬೆರಳನ್ನು ಕಾಲುವೆಯೊಳಗೆ ಇಳಿಸಿ ಆಳ ನೋಡಿದರು. ನಂತರ ಬಿತ್ತನೆ ಬೀಜದ ಚೀಲ ಕೊಳ್ಳುವಾಗ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಇದು ಯಾವ ಸಾಲಿನ ಮಾಲು?"

ಅಂಗಡಿಯಾತ ಬೆರಗಾದ. ಟಾಯರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ತೋರಿಸಿ, ಮೊದಲೆರಡು ವಾರ, ಕೊನೆಯೆರಡು ವರ್ಷ ಎಂದು ವಿವರಿಸಿದ. ಕಾಕು ಆ ಬಗೆಯ ನಾಲ್ಕನ್ನೂ ತರಿಸಿ ಒಂದೊಂದನ್ನೂ ತಿರುಗಿಸಿ ಓದಿದರು. ಎರಡು ಹೊಸವು, ಎರಡು ನಾಲ್ಕು ವರ್ಷದ ಹಿಂದಿನವು.

"ಇವೆರಡು ಒಳಗಿಡ್ರಿ. ನಾಲ್ಕೂ ಒಂದೇ ಸಾಲಿನವು ಬೇಕು."

"ತಾಯಿ, ಇಷ್ಟ್ ವರ್ಷದಾಗ ನನಗ ಯಾರೂ ಇದನ್ನ ಕೇಳಿಲ್ಲ ಬಘಾ, ನೋಡ್ರಿ" ಎಂದು ಆತ ನಗುತ್ತ ಗೋದಾಮಿಗೆ ಹೋದ. ಇನ್ನೆರಡು ಹೊಸವು ಬಂದವು. ಬೋಲ್ಟು ಬಿಗಿದ ಮೇಲೆ ಕಾಕು ಸೊಂಟದ ಸಂಚಿಯಿಂದ ವಿಭೂತಿ ತೆಗೆದು ನಾಲ್ಕಕ್ಕೂ ಹಚ್ಚಿದರು. ಬಾಗಿಲು ತೆರೆದು, ಯಾರನ್ನೂ ಕೇಳದೆ ಮುಂದಿನ ಸೀಟಿನಲ್ಲಿ ಕುಳಿತರು.

ಆ ವಾರವೇ ಉದಗೀರಿನಲ್ಲಿ ಅವರ ತಂಗಿಯ ಮೊಮ್ಮಗುವಿಗೆ ತೊಟ್ಟಿಲ ಕಾರ್ಯ. ನಾನು ಓಡಿಸಿದೆ, ಕಾಕು ಪಕ್ಕದಲ್ಲಿ. ಕಾಕಾ ಹಿಂದಿನ ಇಕ್ಕಟ್ಟಿನಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದರು. ದಾರಿಯಲ್ಲಿ ಸಿಗುವ ನಿಲಂಗಾ ಮುಟ್ಟುವ ಮೊದಲೇ ಮಳೆ ಹಿಡಿಯಿತು. ಹಠಾತ್ತನೆ ಎಮ್ಮೆಗಳ ಹಿಂಡೊಂದು ರಸ್ತೆಗಿಳಿಯಿತು. ನಾನು ಬ್ರೇಕ್ ಒತ್ತಿದೆ. ಕಾರು ಅತ್ತಿತ್ತ ಅಲುಗದೆ, ನೆಟ್ಟಗೆ ನಿಂತಿತು. ಎಮ್ಮೆಗಳು ನಮ್ಮನ್ನು ಲೆಕ್ಕಿಸದೆ ದಾಟಿಹೋದವು.

"ನಿಂತ್ತು ನೋಡ್ರೀ!" ಕಾಕು ಹಿಂದೆ ತಿರುಗಿ ಹೇಳಿದರು.

"ನಿಂತ್ತು ಮಾರಾಯ್ತಿ. ನೀನೇ ಗೆದ್ದಿ" ಎಂದರು ಕಾಕಾ, ಮನಸ್ಸು ತುಂಬಿ.

ನಿಲಂಗಾ ದಾಟಿದ ಮೇಲೆ ಮಳೆ ನಿಂತು ಬಿಸಿಲು ಬಂತು. ಮುಂದೆ ಖಾಲಿ, ನೇರ ರಸ್ತೆ. ಕಾಕು ಕಿಟಕಿ ಇಳಿಸಿ, "ಇನ್ನಷ್ಟ್ ಬಿಡು ಯವ್ವಾ" ಎಂದರು. ಬಿಟ್ಟೆ. "ಇನ್ನಷ್ಟು!" ಎಂದರು. ಗಾಳಿಗೆ ಸೆರಗು ಹಾರಿ ಕಾಕಾನ ಮುಖ ಮುಚ್ಚಿತು. ಅದರೊಳಗಿಂದಲೇ ಅವರು "ಸಾವಕಾಶ, ಸಾವಕಾಶ" ಎನ್ನುತ್ತಿದ್ದರು. ಕಾಕು ಸಣ್ಣ ಹುಡುಗಿಯಂತೆ ಕೇಕೆ ಹಾಕಿ ನಗುತ್ತಿದ್ದರು.

ಉದಗೀರು ತಲುಪಿದಾಗ ಮನೆಯವರಿನ್ನೂ ತೊಟ್ಟಿಲನ್ನು ಅಟ್ಟದಿಂದ ಇಳಿಸುತ್ತಿದ್ದರು. ಇಷ್ಟು ಬೇಗ ಬಂದಿರಲ್ಲ ಎಂದು ನಕ್ಕು, ನಮ್ಮ ಮೂವರ ಕೈಗೂ ಚಹಾ ಕೊಟ್ಟು, ತೊಟ್ಟಿಲಿಗೆ ಕಟ್ಟಲು ಹೂವಿನ ಬುಟ್ಟಿ ಮುಂದಿಟ್ಟರು.